ರೈಫಲ್ ಚಾಸಿಸ್‌ಗಳ ತೂಕ ಮತ್ತು ಹಿಡಿತ: ಹೋಲಿಸಿ ನೋಡುವ ಬಗೆ

ಚಾಸಿಸ್ ಅಂದರೆ ಮಾಮೂಲಿ ಸ್ಟಾಕಿನ ಬದಲು ಹಾಕುವ, ರೈಫಲ್‌ನ ನಳಿಗೆಯನ್ನೂ ಯಂತ್ರಭಾಗವನ್ನೂ ಹಿಡಿದಿಡುವ ಲೋಹದ ಚೌಕಟ್ಟು. ಅದನ್ನು ಮಾರುವವರ ಪಟ್ಟಿಯಲ್ಲಿ ತೂಕಕ್ಕೆ ಒಂದೇ ಒಂದು ಅಂಕಿ ಇರುತ್ತದೆ. ಕೆಆರ್‌ಜಿ ಬ್ರಾವೊ ಸುಮಾರು 1.3 ಕೆಜಿ, ಎಂಡಿಟಿ ಎಸಿಸಿ ಸುಮಾರು 2.4 ಕೆಜಿ. ಎಂಡಿಟಿ ಎಚ್‌ಎನ್‌ಟಿ26 ಅಂತೂ ತನ್ನ 26 ಔನ್ಸನ್ನು ಹೆಸರಲ್ಲೇ ಹೊತ್ತುಕೊಂಡಿದೆ, ಅಂದರೆ 737 ಗ್ರಾಂ. ಈ ಅಂಕಿಗಳನ್ನು ಸಾಲಾಗಿ ಬರೆದಿಟ್ಟು 'ಹಗುರದ್ದು ಬೇಟೆಗೆ, ಭಾರದ್ದು ಪಂದ್ಯಕ್ಕೆ' ಅಂತ ತೀರ್ಮಾನಿಸಿ ದುಡ್ಡು ಕಟ್ಟುವವರೇ ಹೆಚ್ಚು. ಆಮೇಲೆ ರೈಫಲ್ ಕೂಡಿಸಿ ಚೀಲದ ಮೇಲಿಟ್ಟಾಗ ಮೂತಿ ಕೆಳಗೆ ಬೀಳುತ್ತದೆ, ಇಲ್ಲವೇ ಬೋಲ್ಟ್ ಎತ್ತಿದಾಗಲೆಲ್ಲ ಇಡೀ ರೈಫಲ್ ಪಕ್ಕಕ್ಕೆ ವಾಲುತ್ತದೆ. ಅಷ್ಟೇ ತೂಕದ ಎರಡು ಚಾಸಿಸ್‌ಗಳು ಕೈಯಲ್ಲಿ ಪೂರಾ ಬೇರೆ ಥರ ನಡೆದುಕೊಳ್ಳುವುದಕ್ಕೆ ಕಾರಣ ಆ ತೂಕ ಕೂತಿರುವ ಜಾಗ. ಅದನ್ನು ಮನೆಯಲ್ಲೇ, ಒಂದು ಟೇಪು ಮತ್ತು ಎರಡು ತಕ್ಕಡಿ ಇಟ್ಟುಕೊಂಡು ಅಳೆಯಬಹುದು.

ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ಚಾಲ್ತಿಯಲ್ಲಿರುವ ಬೋಲ್ಟ್ ಆಕ್ಷನ್ ರೈಫಲ್‌ಗಳನ್ನು, ಮುಖ್ಯವಾಗಿ ರೆಮಿಂಗ್ಟನ್ 700 ಅಳತೆಯ, ಬೋಲ್ಟ್ ಓಡಾಡುವ ಉಕ್ಕಿನ ಮೈ ಅನ್ನಬಹುದಾದ ಆಕ್ಷನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ರೈಫಲ್ ಬಂದದ್ದು 1962ರಲ್ಲಿ. ಅದರ ತಳದ ಆಕಾರ, ಸ್ಕ್ರೂಗಳ ಜಾಗ ಇವತ್ತಿಗೂ ಚಾಸಿಸ್ ಮಾರುಕಟ್ಟೆಗೆ ಅಳತೆಗೋಲು. ಹೊಸದಾಗಿ ಆಕ್ಷನ್ ಮಾಡುವ ಎಷ್ಟೋ ಕಂಪನಿಗಳು ಅದೇ ಅಳತೆ ಹಿಡಿದಿರುವುದು ಇದೇ ಕಾರಣಕ್ಕೆ.

ಯಾವ ಅಳತೆಗೂ ಮೊದಲು ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆದು ಚೇಂಬರಿಗೆ ಬೆರಳು ಹಾಕಿ ಖಾಲಿ ಇರುವುದನ್ನು ಮುಟ್ಟಿ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಟ್ರಿಗರ್ ಎಳೆಯುವ ಪರೀಕ್ಷೆಗಳು ಮುಂದೆ ಬರುತ್ತವೆ. ಆಗಲೂ ಇದೇ ಕ್ರಮ.

ಪಟ್ಟಿಯ ತೂಕವನ್ನು ಬಿಡಿಸಿ ನೋಡುವುದು

ಒಬ್ಬ ತಯಾರಕ ಕೊಡುವ ತೂಕದಲ್ಲಿ ಹಿಡಿ, ಬಟ್ ಪ್ಯಾಡ್ (ಭುಜಕ್ಕೆ ಒತ್ತುವ ಹಿಂತುದಿಯ, ಅಂದರೆ ಬಟ್ಟಿನ ಮೆತ್ತೆ), ಕೆನ್ನೆಪಟ್ಟಿ ಎಲ್ಲ ಸೇರಿರುತ್ತದೆ. ಇನ್ನೊಬ್ಬನ ತೂಕ ಬರೀ ನಡುವಿನ ಅಲ್ಯೂಮಿನಿಯಂ ದೇಹದ್ದು. ಹಿಂದಿನ ಸ್ಟಾಕನ್ನೂ ಪಿಸ್ತೂಲ್ ಹಿಡಿಯನ್ನೂ ನೀವೇ ಕೊಳ್ಳಬೇಕು. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಸಿಪ್ಪೆ ಸಮೇತ ತೂಗಿದ ತೆಂಗಿನಕಾಯಿಯನ್ನು ಸುಲಿದ ಕಾಯಿಯ ಜೊತೆ ಹೋಲಿಸಿದ ಹಾಗೆ. ಕೊಳ್ಳುವ ಮುಂಚೆ ಕೇಳಬೇಕಾದ್ದು ಇಷ್ಟು: ಈ ತೂಕ ಗಿಡ್ಡ ತೋಟಾದ ಶಾರ್ಟ್ ಆಕ್ಷನ್ನಿನದೋ ಉದ್ದ ತೋಟಾದ ಲಾಂಗ್ ಆಕ್ಷನ್ನಿನದೋ? ಮುಂಗೈ (ನಳಿಗೆಯ ಕೆಳಗೆ ಚಾಚಿದ ಚಾಸಿಸ್ಸಿನ ಮುಂಭಾಗ) ಕೆಳಗಿನ ಆರ್ಕಾ ರೈಲು (ಎರಡು ಕಾಲಿನ ಆಧಾರವಾದ ಬೈಪಾಡನ್ನು ಕೂರಿಸಿ ಜರುಗಿಸುವ ಹಳಿ) ಒಳಗೇ ಕೊರೆದದ್ದೋ, ಬೇರೆ ಕೊಂಡು ಕೂರಿಸಬೇಕೋ? ಬ್ಯಾರಿಕೇಡ್ ಸ್ಟಾಪ್ (ಆಸರೆಗೆ ಇಟ್ಟ ಅಡ್ಡಗಟ್ಟೆಗೆ ಒತ್ತಿ ನಿಲ್ಲಿಸುವ ತಡೆ) ಸೇರಿದೆಯೋ? ಮಡಿಸುವ ಕೀಲು ಇದ್ದ ಮಾದರಿಯ ತೂಕವೋ, ಇಲ್ಲದ್ದರದೋ? ಜೊತೆಗೆ ಕೊಡುವ ಉಕ್ಕಿನ ತೂಕದ ಬಿಲ್ಲೆಗಳನ್ನು ಹಾಕಿ ತೂಗಿದ್ದೋ, ತೆಗೆದು ತೂಗಿದ್ದೋ? ಕೊನೆಯ ಪ್ರಶ್ನೆ ಒಂದರಿಂದಲೇ ಕೆಲವೊಮ್ಮೆ ಒಂದು ಕೆಜಿ ಅತ್ತಿತ್ತ ಆಗುತ್ತದೆ.

ಕೈಗೆ ಬಂದ ಮೇಲೆ ನೀವೇ ತೂಗಿ. ಚಾಸಿಸ್ಸನ್ನು ತೂಗಲು 5 ಕೆಜಿ ತನಕ ತೂಗುವ, 1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಪೂರ್ತಿ ರೈಫಲ್‌ಗೆ ವಿಮಾನಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ನೇತು ತಕ್ಕಡಿ ನಡೆಯುತ್ತದೆ. ತಕ್ಕಡಿಯನ್ನು ಪರೀಕ್ಷಿಸಲು ಒಂದು ಲೀಟರ್ ನೀರು ಅಳೆದು ಹಾಕಿ: ಪಾತ್ರೆಯ ತೂಕ ಕಳೆದು 1,000 ಗ್ರಾಂ ಬರಬೇಕು. ಐದು ಗ್ರಾಂ ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಐವತ್ತು ಇದ್ದರೆ ತಕ್ಕಡಿ ಬದಲಿಸಿ.

ವಸ್ತುವಿನ ವಿಚಾರ ಒಂದೇ ಮಾತಿನಲ್ಲಿ ಹೇಳುವುದಾದರೆ, ಒಂದು ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ, ಮೆಗ್ನೀಸಿಯಂ ಸುಮಾರು 1.8, ಕಾರ್ಬನ್ ಫೈಬರ್ 1.6ರ ಆಸುಪಾಸು, ಉಕ್ಕು 7.85, ಹಿತ್ತಾಳೆ 8.5, ಟಂಗ್‌ಸ್ಟನ್ 19.3. ಬೇಟೆಗೆಂದು ಮಾಡಿದ ಚಾಸಿಸ್‌ಗಳಲ್ಲಿ ಮೆಗ್ನೀಸಿಯಂ ಯಾಕೆ, ತೂಕದ ಬಿಲ್ಲೆಗಳಲ್ಲಿ ಉಕ್ಕು ಯಾಕೆ ಅನ್ನುವುದಕ್ಕೆ ಇಷ್ಟೇ ಉತ್ತರ.

ತೂಕ ಎಲ್ಲಿ ನಿಂತಿದೆ

ಬ್ಯಾರಿಕೇಡ್ ಮೇಲೆ ಚೀಲ ಇಟ್ಟು ಹೊಡೆಯುವ ಪಂದ್ಯಗಳಲ್ಲಿ ರೈಫಲ್ ಕೂರುವುದು ಮ್ಯಾಗಜಿನ್ ಬಾಯಿಗಿಂತ ಸ್ವಲ್ಪ ಮುಂದೆ. ಇಂಥ ಪಂದ್ಯಗಳ ಸರಣಿಯಾದ ಪ್ರಿಸಿಷನ್ ರೈಫಲ್ ಸೀರೀಸ್ 2012ರಲ್ಲಿ ಶುರುವಾಯಿತು; ಒಂದೂವರೆ ಎರಡು ನಿಮಿಷದಲ್ಲಿ 8ರಿಂದ 12 ಗುಂಡು, ನಡುವೆ ಮೂರ್ನಾಲ್ಕು ಜಾಗ ಬದಲಿಸುವುದು ಅಲ್ಲಿ ಮಾಮೂಲು. ಚೀಲದ ಅಗಲ 150 ಮಿಮೀ ಅಂದುಕೊಂಡರೆ ಅದರ ನಡು ಮ್ಯಾಗಜಿನ್ ಬಾಯಿಯ ಮುಂದಂಚಿನಿಂದ 75–100 ಮಿಮೀ ಮುಂದೆ ಬರುತ್ತದೆ. ರೈಫಲ್‌ನ ಗುರುತ್ವ ಕೇಂದ್ರ ಅಲ್ಲೇ ಇದ್ದರೆ ಕೈಬಿಟ್ಟರೂ ಅದು ಅಲುಗದೆ ನಿಲ್ಲುತ್ತದೆ. ನಿಮ್ಮ ಕೈ ಟ್ರಿಗರ್ ಕೆಲಸ ಮಾತ್ರ ಮಾಡಿದರೆ ಸಾಕು. ಕೇಂದ್ರ ಅದಕ್ಕಿಂತ ಮುಂದೆ ಹೋದಷ್ಟೂ ಹಿಂದಿನ ಕೈ ಬಟ್ಟನ್ನು ಕೆಳಗೆ ಒತ್ತುತ್ತಲೇ ಇರಬೇಕು. ಒತ್ತುವ ಸ್ನಾಯು ನಡುಗುತ್ತದೆ, ಆ ನಡುಕ ಸ್ಕೋಪಿನಲ್ಲಿ ಕಾಣುತ್ತದೆ.

ಕೇಂದ್ರ ಕಂಡುಹಿಡಿಯಲು ಎರಡು ದಾರಿ. ಸುಲಭದ್ದು: ಮೇಜಿನ ತುದಿಗೆ ಒಂದಿಂಚಿನ ಪಿವಿಸಿ ಪೈಪನ್ನು ಬಟ್ಟೆ ಸುತ್ತಿ ಅಡ್ಡ ಕಟ್ಟಿ, ಅದರ ಮೇಲೆ ಮುಂಗೈಯನ್ನು ಹಿಂದೆ ಮುಂದೆ ಜರುಗಿಸುತ್ತಾ ರೈಫಲ್ ಎರಡೂ ಕಡೆ ವಾಲದ ಜಾಗ ಹುಡುಕಿ, ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ. ಪಕ್ಕದಲ್ಲಿ ಇನ್ನೊಬ್ಬರು ಕೈ ಅಡ್ಡ ಇಟ್ಟುಕೊಂಡಿರಲಿ, ಸ್ಕೋಪ್ ನೆಲಕ್ಕೆ ಬಿದ್ದರೆ ಚಾಸಿಸ್‌ಗಿಂತ ದುಬಾರಿ.

ಎರಡನೆಯದು ಎರಡು ತಕ್ಕಡಿಯ ದಾರಿ. ಬಟ್ಟಿನ ಕೆಳಗೆ ಒಂದು, ಮುಂಗೈ ಕೆಳಗೆ ಒಂದು ತಕ್ಕಡಿ. ಪ್ರತಿಯೊಂದರ ಮೇಲೂ ಒಂದು ಪೆನ್ಸಿಲ್ ಅಡ್ಡ ಇಟ್ಟು ರೈಫಲ್ ಮಟ್ಟವಾಗಿ ಕೂರಿಸಿ. ಪೆನ್ಸಿಲಿನಿಂದ ಪೆನ್ಸಿಲಿಗೆ ಇರುವ ದೂರವನ್ನು ಮುಂದಿನ ತಕ್ಕಡಿಯ ತೂಕದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. ಬರುವ ಅಂಕಿ ಹಿಂದಿನ ಪೆನ್ಸಿಲಿನಿಂದ ಕೇಂದ್ರಕ್ಕೆ ಇರುವ ದೂರ. ಉದಾಹರಣೆಗೆ ಪೆನ್ಸಿಲುಗಳ ನಡುವೆ 700 ಮಿಮೀ, ಹಿಂದೆ 2.60 ಕೆಜಿ, ಮುಂದೆ 4.92 ಕೆಜಿ ತೋರಿಸಿದರೆ, 700 × 4.92 ÷ 7.52, ಅಂದರೆ 458 ಮಿಮೀ. ಹಿಂದಿನ ಪೆನ್ಸಿಲು ಮ್ಯಾಗಜಿನ್ ಬಾಯಿಯ ಮುಂದಂಚಿನಿಂದ 336 ಮಿಮೀ ಹಿಂದಿದ್ದರೆ, ಕೇಂದ್ರ ಆ ಅಂಚಿಗಿಂತ 122 ಮಿಮೀ ಮುಂದಿದೆ ಅಂತಾಯಿತು. ಚಾಸಿಸ್ಸನ್ನು ಮಾತ್ರ ತೂಗಿ ಅದರದೇ ಕೇಂದ್ರ ತೆಗೆಯಲೂ ಇದೇ ಲೆಕ್ಕ.

ಎರಡು ಚಾಸಿಸ್, ಒಂದೇ ನಳಿಗೆ: ಕಾಗದದ ಮೇಲೆ

ಇದರ ನಿಜವಾದ ಲಾಭ ಗೆಳೆಯರ ಚಾಸಿಸ್ಸನ್ನು ಹತ್ತು ನಿಮಿಷ ಎರವಲು ತಂದು ತೂಗಿ, ಅದನ್ನು ಕೂಡಿಸದೆಯೇ ನಿಮ್ಮ ರೈಫಲ್ ಹೇಗಿರುತ್ತದೆ ಅಂತ ಲೆಕ್ಕ ಹಾಕಿಕೊಳ್ಳುವುದರಲ್ಲಿದೆ. ಮ್ಯಾಗಜಿನ್ ಬಾಯಿಯ ಮುಂದಂಚನ್ನು ಸೊನ್ನೆ ಅನ್ನೋಣ. ಮುಂದಿನದು ಕೂಡುವುದು, ಹಿಂದಿನದು ಕಳೆಯುವುದು. ಪ್ರತಿ ಭಾಗದ ತೂಕವನ್ನು ಅದರ ಕೇಂದ್ರದ ದೂರದಿಂದ ಗುಣಿಸಿ ಬರೆದುಕೊಳ್ಳಿ.

ಭಾರದ ನಳಿಗೆಯ ಒಂದು ಪಂದ್ಯದ ರೈಫಲ್ ತೆಗೆದುಕೊಳ್ಳಿ:

ಆಕ್ಷನ್ ಮತ್ತು ಬೋಲ್ಟ್: 1.05 ಕೆಜಿ, −60 ಮಿಮೀ, ಗುಣಲಬ್ಧ −63
ನಳಿಗೆ: 2.70 ಕೆಜಿ, +350, ಗುಣಲಬ್ಧ +945
ಮಝಲ್ ಬ್ರೇಕ್ (ಒದೆತ ತಗ್ಗಿಸುವ ಮೂತಿಯ ತುಂಡು): 0.15 ಕೆಜಿ, +740, ಗುಣಲಬ್ಧ +111
ಸ್ಕೋಪ್ ಮತ್ತು ಮೌಂಟ್: 1.30 ಕೆಜಿ, −50, ಗುಣಲಬ್ಧ −65

ಒಟ್ಟು 5.20 ಕೆಜಿ, ಗುಣಲಬ್ಧ 928. ಭಾಗಿಸಿದರೆ ಚಾಸಿಸ್ ಇಲ್ಲದೆ ಕೇಂದ್ರ 178 ಮಿಮೀ ಮುಂದೆ. ಮೂತಿಭಾರ ಅಂದರೆ ಇದು.

ಇದಕ್ಕೆ 0.55 ಕೆಜಿಯ ಬೈಪಾಡ್ +300ರಲ್ಲಿ (ಗುಣಲಬ್ಧ +165), ತುಂಬಿದ ಮ್ಯಾಗಜಿನ್ 0.47 ಕೆಜಿ −40ರಲ್ಲಿ (ಗುಣಲಬ್ಧ −19) ಸೇರಿಸಿ. 6.5 ಕ್ರೀಡ್‌ಮೋರ್ ತೋಟಾ ಒಂದು ಸುಮಾರು 22 ಗ್ರಾಂ, ಹತ್ತು ಅಂದರೆ ಕಾಲು ಕೆಜಿಗೆ ಸ್ವಲ್ಪ ಕಡಿಮೆ; ಮಿಕ್ಕಿದ್ದು ಉಕ್ಕಿನ ಪೆಟ್ಟಿಗೆಯ ತೂಕ. ಮ್ಯಾಗಜಿನ್ ಖಾಲಿಯಾಗುತ್ತಾ ಹೋದರೂ ಅದು ಸೊನ್ನೆಯ ಹತ್ತಿರವೇ ಇರುವುದರಿಂದ ಹಿಡಿತ ಬದಲಾಗುವುದು ಗೊತ್ತೇ ಆಗುವುದಿಲ್ಲ.

ಈಗ ಹಗುರದ ಚಾಸಿಸ್: 1.3 ಕೆಜಿ, ಕೇಂದ್ರ −120. ಕೂಡಿದರೆ ರೈಫಲ್ 7.52 ಕೆಜಿ, ಕೇಂದ್ರ +122. ಭಾರದ ಚಾಸಿಸ್: 2.4 ಕೆಜಿ, ಮುಂಗೈ ಉದ್ದವಾದ್ದರಿಂದ ಕೇಂದ್ರ −60. ಕೂಡಿದರೆ 8.62 ಕೆಜಿ, ಕೇಂದ್ರ +108. ಒಂದು ಕೆಜಿಗಿಂತ ಹೆಚ್ಚು ಲೋಹ ಸೇರಿಸಿ ಸಿಕ್ಕಿದ್ದು 14 ಮಿಮೀ! ಭಾರದ ಚಾಸಿಸ್ ಹಾಕಿದರೆ ಮೂತಿಭಾರ ತಾನಾಗಿ ಹೋಗುತ್ತದೆ ಅನ್ನುವ ನಂಬಿಕೆಯ ಬೆಲೆ ಇಷ್ಟು.

ಕೇಂದ್ರವನ್ನು +90ಕ್ಕೆ ತರಬೇಕು ಅಂತಿಟ್ಟುಕೊಳ್ಳಿ. ಮೊದಲು ಪುಕ್ಕಟೆಯ ಉಪಾಯ: ಬೈಪಾಡನ್ನು ಆರ್ಕಾ ರೈಲಿನ ಮೇಲೆ 150 ಮಿಮೀ ಹಿಂದಕ್ಕೆ ಜರುಗಿಸಿ. ಹಗುರದ್ದು +111ಕ್ಕೆ, ಭಾರದ್ದು +98ಕ್ಕೆ ಬರುತ್ತದೆ, ಒಂದು ಗ್ರಾಂ ಕೂಡ ಸೇರಿಸದೆ. ಉಳಿದದ್ದಕ್ಕೆ ಬಟ್ಟಿನಲ್ಲಿ, −350ರಲ್ಲಿ, ತೂಕ ಹಾಕಬೇಕು. ಈಗಿನ ಗುಣಲಬ್ಧದಿಂದ 90 × ಒಟ್ಟು ತೂಕವನ್ನು ಕಳೆದು, 350 + 90 = 440ರಿಂದ ಭಾಗಿಸಿ. ಹಗುರದ ಚಾಸಿಸ್‌ಗೆ 0.36 ಕೆಜಿ, ಭಾರದ್ದಕ್ಕೆ 0.16 ಕೆಜಿ ಬರುತ್ತದೆ. ಕೊನೆಗೆ ಒಂದು ರೈಫಲ್ 7.88 ಕೆಜಿ, ಇನ್ನೊಂದು 8.78, ಎರಡೂ ಒಂದೇ ಬಿಂದುವಿನಲ್ಲಿ ತೂಗುತ್ತವೆ. ಈಗ ಹೋಲಿಸಿ. ಅಷ್ಟರ ತನಕ ಹೋಲಿಸಿದ್ದು ಸರಿಪಡಿಸದ ಎರಡು ರೈಫಲ್‌ಗಳನ್ನು.

ಹಗುರದ ಚಾಸಿಸ್‌ನಲ್ಲಿ 360 ಗ್ರಾಂ ಉಕ್ಕಿಗೆ 46 ಘನ ಸೆಂಟಿಮೀಟರ್ ಜಾಗ ಬೇಕು, ಹೆಚ್ಚುಕಡಿಮೆ ಎರಡು ಬೆಂಕಿಪೊಟ್ಟಣದಷ್ಟು. ಬಟ್ ಟೊಳ್ಳಾಗಿದ್ದರೆ ಸೀಸದ ಚರೆ ತುಂಬುವವರಿದ್ದಾರೆ. ಬಿಡಿ ಚರೆ ಸುರಿದು ಮುಚ್ಚಿದರೆ ಪ್ರತಿ ಗುಂಡಿಗೂ ಅದು ಜರುಗುತ್ತದೆ, ಗಲಗಲ ಸದ್ದು ಬೇರೆ. ಚರೆಯನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಫೋಮ್ ತುರುಕಿ. ಎಪಾಕ್ಸಿ ಸುರಿದರೆ ಮತ್ತೆ ತೆಗೆಯುವಂತಿಲ್ಲ. ಸೀಸ ಮುಟ್ಟಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ.

ಒನಕೆಯ ಪಾಠ

ಒನಕೆಯನ್ನು ನಡುವೆ ಹಿಡಿದು ಮಣಿಕಟ್ಟು ತಿರುಗಿಸಿ ನೋಡಿ. ಎರಡೂ ತುದಿಗಳು ಹಿಂದೆ ಉಳಿಯುತ್ತವೆ, ತಿರುಗಲು ಹಟ ಮಾಡುತ್ತವೆ, ತಿರುಗಿದ ಮೇಲೆ ನಿಲ್ಲಲು ಹಟ ಮಾಡುತ್ತವೆ. ಅಷ್ಟೇ ತೂಕದ ಗುಂಡುಕಲ್ಲು ಹಾಗೆ ಮಾಡುವುದಿಲ್ಲ. ರೈಫಲ್‌ನಲ್ಲೂ ಒಂದೇ ಕೇಂದ್ರ, ಒಂದೇ ತೂಕ ಇದ್ದು ಹಿಡಿತ ಬೇರೆಯಾಗುವುದು ಇದರಿಂದಲೇ. ತಿರುಗುಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: 340 ಗ್ರಾಂ ಬಿಲ್ಲೆಯನ್ನು ಕೇಂದ್ರದಿಂದ 350 ಮಿಮೀ ದೂರದಲ್ಲಿ, ಮುಂಗೈ ತುದಿಯಲ್ಲಿ ಇಟ್ಟರೆ, 50 ಮಿಮೀ ದೂರದಲ್ಲಿ ಇಟ್ಟದ್ದಕ್ಕಿಂತ 49 ಪಟ್ಟು ಹೆಚ್ಚು ಪರಿಣಾಮ.

ಇದನ್ನೂ ಅಳೆಯಬಹುದು. ಛಾವಣಿಯ ಗಟ್ಟಿ ಕೊಕ್ಕೆಗಳಿಂದ ಸಮಾನ ಉದ್ದದ ಎರಡು ಹಗ್ಗ ಇಳಿಬಿಡಿ, ಉದ್ದ 1.5 ಮೀಟರ್ ಇರಲಿ, ನಡುವಿನ ಅಂತರ ಮೇಲೂ ಕೆಳಗೂ 300 ಮಿಮೀ. ಗುರುತ್ವ ಕೇಂದ್ರ ಎರಡು ಹಗ್ಗಗಳ ನಟ್ಟನಡುವೆ ಬರುವ ಹಾಗೆ ರೈಫಲ್ ಮಟ್ಟವಾಗಿ ಕಟ್ಟಿ, ಮೂತಿಯನ್ನು ಪಕ್ಕಕ್ಕೆ ಒಂದು ಗೇಣು ತಿರುಗಿಸಿ ಬಿಡಿ. ಅದು ಗಡಿಯಾರದ ಲೋಲಕದಂತೆ ಅತ್ತಿತ್ತ ತಿರುಗುತ್ತದೆ. ಹತ್ತು ಸುತ್ತಿನ ಸಮಯ ಹಿಡಿದು ಹತ್ತರಿಂದ ಭಾಗಿಸಿ. ರೈಫಲ್ ಇಡಿಯಾಗಿ ತೂಗುಯ್ಯಾಲೆಯಂತೆ ಜೋಲಿ ಹೊಡೆಯಲು ಶುರುಮಾಡಿದರೆ ನಿಲ್ಲಿಸಿ ಮತ್ತೆ ಬಿಡಿ, ಆ ಸಮಯ ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕ ಹೀಗೆ: ತೂಕ (ಕೆಜಿ) × 9.81 × ಹಗ್ಗದ ಅಂತರದ ಅರ್ಧದ ವರ್ಗ (ಮೀಟರಿನಲ್ಲಿ) × ಸಮಯದ ವರ್ಗ ÷ (39.5 × ಹಗ್ಗದ ಉದ್ದ). 8.6 ಕೆಜಿ ರೈಫಲ್, ಒಂದು ಸುತ್ತಿಗೆ 4.6 ಸೆಕೆಂಡ್ ಬಂದರೆ 0.68 ಕೆಜಿ·ಮೀ². ಮುಂಗೈ ತುದಿಗೆ ಮೇಲೆ ಹೇಳಿದ 340 ಗ್ರಾಂ ಸೇರಿಸಿದರೆ ಇದಕ್ಕೆ ಶೇ 6ರಷ್ಟು ಕೂಡುತ್ತದೆ. ಆಕ್ಷನ್ ಹತ್ತಿರ ಸೇರಿಸಿದರೆ ಶೇ 0.1 ಮಾತ್ರ.

ಯಾವುದು ಒಳ್ಳೆಯದು? ಚೀಲದ ಮೇಲೆ ನಿಧಾನವಾಗಿ ಗುರಿಹಿಡಿಯುವಾಗ ಜಡತ್ವ ಹೆಚ್ಚಿದ್ದಷ್ಟೂ ಎದೆಬಡಿತ, ಉಸಿರು, ಟ್ರಿಗರ್ ಎಳೆತ ರೈಫಲ್‌ಗೆ ಮುಟ್ಟುವುದು ಕಡಿಮೆ. ಒಂದು ಗುರಿಯಿಂದ ಇನ್ನೊಂದಕ್ಕೆ ಹಾರುವಾಗ ಅದೇ ಗುಣ ಶತ್ರು: ಮೂತಿ ಗುರಿ ದಾಟಿ ಮುಂದೆ ಹೋಗುತ್ತದೆ, ಮತ್ತೆ ಎಳೆದು ತರಬೇಕು. ಹಾಗಾಗಿ ತೂಕ ಬೇಕೇಬೇಕು ಅನ್ನುವವರು ಮೊದಲು ಮ್ಯಾಗಜಿನ್ ಬಾಯಿಯ ಎರಡೂ ಕಡೆ ಒಳಗೆ ಹಾಕುವ ಬಿಲ್ಲೆ ತುಂಬಿ, ಮುಂಗೈ ತುದಿಯ ಸೀಳುಗಳಿಗೆ ಸಿಕ್ಕಿಸುವ ಎಂ-ಲಾಕ್ ಬಿಲ್ಲೆಗೆ ಕೊನೆಗೆ ಕೈ ಹಾಕಬೇಕು. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ತುದಿಯ ಬಿಲ್ಲೆಯೇ.

ನಿಂತು ಹೊಡೆಯುವವರ ಲೆಕ್ಕ ಬೇರೆ. ಬೆಂಗಳೂರಿನ 10 ಮೀಟರ್ ರೇಂಜುಗಳಲ್ಲಿ ಅಲ್ಯೂಮಿನಿಯಂ ಸ್ಟಾಕಿನ ಏರ್ ರೈಫಲ್ ಹಿಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಲ್ಲಿ ಏರ್ ರೈಫಲ್‌ಗೆ 5.5 ಕೆಜಿ, ಪುರುಷರ 50 ಮೀಟರ್ ರೈಫಲ್‌ಗೆ 8 ಕೆಜಿ ಮಿತಿ. ಅಲ್ಲಿ ಕೇಂದ್ರ ಬೀಳಬೇಕಾದ್ದು ಸೊಂಟಕ್ಕೆ ಮೊಣಕೈ ಆನಿಸಿದ ಎಡಗೈಯ ಮೇಲೆ. ನಳಿಗೆಯ ಮೇಲೆ ಪುಟ್ಟ ಬಿಲ್ಲೆಗಳನ್ನು ಹಿಂದೆ ಮುಂದೆ ಜರುಗಿಸುವ ಅವರ ಪದ್ಧತಿಯಿಂದ ಬ್ಯಾರಿಕೇಡಿನವರೂ ಕಲಿಯುವುದಿದೆ: ಒಮ್ಮೆಗೆ ಒಂದೇ ಬಿಲ್ಲೆ, ಒಂದೇ ಜಾಗ, ಬರೆದಿಟ್ಟುಕೊಂಡು.

ಒದೆತ

ತೂಕದ ಪರವಾಗಿ ಇರುವ ಎಲ್ಲಕ್ಕಿಂತ ಗಟ್ಟಿ ವಾದ ಇದು. 9 ಗ್ರಾಂ ಗುಂಡು ಸೆಕೆಂಡಿಗೆ 825 ಮೀಟರ್ ವೇಗದಲ್ಲಿ ಹೊರಟರೆ, ಮದ್ದಿನ ಹೊಗೆಯನ್ನೂ ಸೇರಿಸಿ ಹಿಂದಕ್ಕೆ ಬರುವ ಸಂವೇಗ ಸುಮಾರು 11 ಕೆಜಿ·ಮೀ/ಸೆ. ಬ್ರೇಕ್ ಇಲ್ಲದ 5 ಕೆಜಿ ರೈಫಲ್ ಅದರಿಂದ ಸೆಕೆಂಡಿಗೆ 2.2 ಮೀಟರ್ ವೇಗ ಪಡೆಯುತ್ತದೆ, ಶಕ್ತಿ 12 ಜೂಲ್. 10 ಕೆಜಿ ರೈಫಲ್‌ಗೆ 1.1 ಮೀಟರ್, 6 ಜೂಲ್. ಭುಜಕ್ಕೆ ಸುಖ ಅನ್ನುವುದು ಬಿಡಿ. ಮುಖ್ಯ ವಿಷಯ ಗುಂಡು ಉಕ್ಕಿನ ಹಲಗೆಗೆ ತಾಗುವುದನ್ನು ನೀವೇ ಸ್ಕೋಪಿನಲ್ಲಿ ಕಾಣುವುದು, ಮುಂದಿನ ಗುಂಡಿಗೆ ಗಾಳಿ ತಿದ್ದುವುದು. ಒಳ್ಳೆಯ ಬ್ರೇಕ್ ಹಾಕಿದ, 6 ಮಿಮೀ ಗುಂಡಿನ ರೈಫಲ್‌ಗೆ 8 ಕೆಜಿ ಆಚೆ ಪ್ರತಿ ಕೆಜಿಯೂ ಕೊಡುವ ಲಾಭ ಇಳಿಯುತ್ತಾ ಹೋಗುತ್ತದೆ; ಹೊರುವ ಕಷ್ಟ ಮಾತ್ರ ಇಳಿಯುವುದಿಲ್ಲ.

ಒದೆತ ನೇರವಾಗಿ ಹಿಂದಕ್ಕೆ ಬರಬೇಕಾದರೆ ನಳಿಗೆಯ ಗೆರೆಗೂ ಬಟ್ ಪ್ಯಾಡಿನ ನಡುವಿಗೂ ಎತ್ತರದ ಅಂತರ ಕಡಿಮೆ ಇರಬೇಕು. ಪ್ಯಾಡ್ ಮೇಲೆ ಕೆಳಗೆ ಜರುಗುವ ಚಾಸಿಸ್‌ನಲ್ಲಿ ಇದನ್ನು ಸರಿಮಾಡಿಕೊಳ್ಳಬಹುದು. ಪ್ಯಾಡ್ ಕೆಳಗೇ ಕೂತಿದ್ದರೆ ಮೂತಿ ಮೇಲಕ್ಕೆ ಜಿಗಿಯುತ್ತದೆ, ಆಗ ಎಷ್ಟು ತೂಕ ಸೇರಿಸಿದರೂ ತಾಗುವುದು ಕಾಣುವುದಿಲ್ಲ.

ಕೂರಿಸುವಾಗ ಕೆಡುವುದು

ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡೂ ಚಾಸಿಸ್ ಸರಿಯಾಗಿ ಕೂತಿರಬೇಕು. ಬಟ್ಟನ್ನು ನೆಲಕ್ಕೂರಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಆಗ ರೀಕಾಯಿಲ್ ಲಗ್ (ಒದೆತವನ್ನು ಚಾಸಿಸ್ಸಿಗೆ ದಾಟಿಸುವ, ಆಕ್ಷನ್ನಿನ ಕೆಳಗಿನ ಗೂಟ) ತನ್ನ ತೂಕಕ್ಕೆ ತಾನೇ ಚಾಸಿಸ್‌ಗೆ ಒರಗುತ್ತದೆ. ಎರಡೂ ಸ್ಕ್ರೂಗಳನ್ನು ಬೆರಳಲ್ಲಿ ಬಿಗಿದು, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಏರಿಸಿ. ರೆಮಿಂಗ್ಟನ್ 700ರದು ಕಾಲಿಂಚಿನ, ಇಂಚಿಗೆ 28 ಥ್ರೆಡ್ಡಿನ ಸ್ಕ್ರೂ. ಅಲ್ಯೂಮಿನಿಯಂ ಚಾಸಿಸ್‌ಗೆ ಸಾಮಾನ್ಯವಾಗಿ 65 ಇಂಚ್-ಪೌಂಡ್, ಅಂದರೆ 7.3 ನ್ಯೂಟನ್-ಮೀಟರ್. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ.

ಬಿಗಿದ ಕೂಡಲೇ ಬೋಲ್ಟ್ ಹಾಕಿ ಮುಚ್ಚಿ ನೋಡಿ. ಮುಚ್ಚುವಾಗ ಒರಟಾಗಿದ್ದು, ಮುಂದಿನ ಸ್ಕ್ರೂ ಸಡಿಲಿಸಿದಾಗ ನಯವಾದರೆ ಸ್ಕ್ರೂ ಉದ್ದ ಹೆಚ್ಚಾಗಿ ಬೋಲ್ಟಿನ ಲಗ್ಗಿಗೆ ತಾಗುತ್ತಿದೆ ಅಂತ ಅರ್ಥ. ಬೇರೆ ಚಾಸಿಸ್‌ನ ಸ್ಕ್ರೂ ಎತ್ತಿ ಹಾಕಿದಾಗ ಇದು ಸಾಮಾನ್ಯ. ಟ್ರಿಗರ್ ಪಕ್ಕದ ಸೇಫ್ಟಿ ಲಿವರ್ ಚಾಸಿಸ್‌ಗೆ ಉಜ್ಜುತ್ತಿದೆಯೇ ನೋಡಿ. ಕಾಲಿಂಚು ದಪ್ಪದ ರೀಕಾಯಿಲ್ ಲಗ್ ಹಾಕಿಸಿಕೊಂಡಿದ್ದರೆ ಕೆಲವು ಚಾಸಿಸ್‌ಗಳ ತೋಡು ಅದಕ್ಕೆ ಸಾಲದು. ಆಕ್ಷನ್ ಎತ್ತರಕ್ಕೆ ಕೂತು ಮ್ಯಾಗಜಿನ್‌ನಿಂದ ತೋಟಾ ಎತ್ತದೆ ಬೋಲ್ಟ್ ಮೇಲಿಂದಲೇ ಜಾರಿಹೋಗುತ್ತದೆ. ಮ್ಯಾಗಜಿನ್ ಹೆಚ್ಚು ಮೇಲೆ ಬಂದರೆ ಬೋಲ್ಟಿನ ಹೊಟ್ಟೆಗೆ ಉಜ್ಜಿದ ಗೀರು ಕಾಣುತ್ತದೆ. ಎರಡಕ್ಕೂ ಮದ್ದು ಮ್ಯಾಗಜಿನ್ ಕೊಕ್ಕೆಯ ಎತ್ತರ ಹೊಂದಿಸುವುದು. ಹೊಂದಿಸಲು ಬಾರದ ಚಾಸಿಸ್ ಆದರೆ ನಾಲ್ಕೈದು ಮ್ಯಾಗಜಿನ್ ಹಾಕಿ ನೋಡಿ ಹೊಂದುವುದನ್ನು ಇಟ್ಟುಕೊಳ್ಳಿ.

ಆಕ್ಷನ್ ಬಾಗಿ ಕೂತಿದೆಯೋ ಅಂತ ತಿಳಿಯಲು ಡಯಲ್ ಗೇಜನ್ನು ಮುಂಗೈಗೆ ಕಟ್ಟಿ ಮುಳ್ಳನ್ನು ನಳಿಗೆಗೆ ತಾಗಿಸಿ, ಮುಂದಿನ ಸ್ಕ್ರೂವನ್ನು ಸಡಿಲಿಸಿ. ಮುಳ್ಳು 0.05 ಮಿಮೀ ಒಳಗೆ ಅಲುಗಿದರೆ ಚಿಂತೆಯಿಲ್ಲ. ಅದಕ್ಕಿಂತ ತುಂಬ ಜಾಸ್ತಿ ಅಲುಗಿದರೆ ಆಕ್ಷನ್ ಕೂರುವ ಜಾಗದಲ್ಲಿ ಬಣ್ಣದ ಗಂಟೋ ಲೋಹದ ಚೂರೋ ಇದೆ, ತೆಗೆದು ಒರೆಸಿ ಮತ್ತೆ ಬಿಗಿಯಿರಿ.

ಮುಂಗೈಯ ಗಡಸುತನ ನೋಡಲು ನಳಿಗೆಗೂ ಮುಂಗೈಗೂ ನಡುವೆ ಒಂದು ನೋಟು ತೂರಿಸಿ, ಬೈಪಾಡಿನ ಮೇಲೆ ಮೈಭಾರ ಹಾಕಿ ಮುಂದಕ್ಕೆ ಒತ್ತಿ, ಜೊತೆಗಿದ್ದವರಿಗೆ ನೋಟು ಎಳೆಯಲು ಹೇಳಿ. ಸಿಕ್ಕಿಹಾಕಿಕೊಂಡರೆ ಒತ್ತಡ ನಳಿಗೆಗೆ ಮುಟ್ಟುತ್ತಿದೆ. ಬೈಪಾಡಿನಿಂದ ಹೊಡೆದ ಗುಂಡೂ ಚೀಲದಿಂದ ಹೊಡೆದ ಗುಂಡೂ ಬೇರೆ ಜಾಗಕ್ಕೆ ಬೀಳುತ್ತವೆ. ಬರೀ ಪ್ಲಾಸ್ಟಿಕ್ ಮುಂಗೈಗಳಲ್ಲಿ ಈ ದೋಷ ಹೆಚ್ಚು. ಬ್ರಾವೊದಂಥವು ಹೊರಗೆ ಪ್ಲಾಸ್ಟಿಕ್ ಇದ್ದರೂ ಒಳಗೆ ಅಲ್ಯೂಮಿನಿಯಂ ಬೆನ್ನೆಲುಬು ಇಟ್ಟಿರುವುದರಿಂದ ಹಗುರವೂ ಆಗಿ ಗಟ್ಟಿಯೂ ಆಗಿವೆ.

ಮಡಿಸುವ ಕೀಲಿದ್ದರೆ ಬಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೂದಲೆಳೆ ಸಡಿಲವಿದ್ದರೂ ಕೆನ್ನೆಗೆ ಗೊತ್ತಾಗುತ್ತದೆ, ದಿನ ಕಳೆದಂತೆ ಹೆಚ್ಚಾಗುತ್ತದೆ. ಕೊಳ್ಳುವಾಗಲೇ ಸಡಿಲವಿದ್ದದ್ದನ್ನು ತರಬೇಡಿ.

ತೂಕದ ಬಿಲ್ಲೆಗಳ ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಬೇಡ, ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಮೊದಲ 20–30 ಗುಂಡಿನ ನಂತರ ಎಲ್ಲ ಸ್ಕ್ರೂಗಳನ್ನೂ ಒಮ್ಮೆ ಟಾರ್ಕ್ ವ್ರೆಂಚಿನಲ್ಲಿ ಮುಟ್ಟಿ ನೋಡಿ. ಚಾಸಿಸ್ ಬದಲಿಸಿದ ಮೇಲೆ ಸ್ಕೋಪಿನ ಸೊನ್ನೆ (ಗುಂಡು ಬೀಳುವ ಜಾಗಕ್ಕೆ ಗೆರೆ ಹೊಂದಿಸಿದ್ದು) ಹಳೆಯದೇ ಇರುತ್ತದೆ ಅಂತ ನಂಬಬೇಡಿ, ಐದು ಗುಂಡಿನ ಗುಂಪು ಹೊಡೆದು ತಿದ್ದಿಕೊಳ್ಳಿ.

ಕೈಯಲ್ಲಿ ಹಿಡಿದು ನೋಡುವುದು

ಮೊದಲು ಮೈಗೆ ಹೊಂದಿಸಿ. ಟ್ರಿಗರಿನಿಂದ ಬಟ್ ಪ್ಯಾಡಿಗೆ ಇರುವ ಉದ್ದ ಎರಡೂ ಚಾಸಿಸ್‌ನಲ್ಲಿ ಒಂದೇ ಇರಲಿ. 343 ಮಿಮೀ, ಅಂದರೆ ಹದಿಮೂರೂವರೆ ಇಂಚಿನಿಂದ ಶುರುಮಾಡಿ ಏರಿಸಿ ಇಳಿಸಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ, ಕೆನ್ನೆ ಇಟ್ಟು, ಕಣ್ಣು ತೆರೆಯಿರಿ. ಸ್ಕೋಪಿನ ಸುತ್ತ ಕಪ್ಪು ನೆರಳು ಕಂಡರೆ ಕೆನ್ನೆಪಟ್ಟಿ ಇಲ್ಲವೇ ಉದ್ದ ಸರಿಯಿಲ್ಲ. ಇದನ್ನು ಮಾಡದೆ ಹಿಡಿತ ಹೋಲಿಸುವುದು ಬೇರೆಯವರ ಚಪ್ಪಲಿ ಹಾಕಿಕೊಂಡು ಓಡಿ ನೋಡಿದ ಹಾಗೆ.

ಆಮೇಲೆ ಏಣಿಯ ಮೆಟ್ಟಿಲ ಮೇಲೆ ಚೀಲ ಇಟ್ಟು, ಅದರ ಮೇಲೆ ರೈಫಲ್. ಸ್ಕೋಪ್ 12ರಿಂದ 15 ಪಟ್ಟು. ರೇಂಜಿನಲ್ಲಾದರೆ ಒಳ್ಳೆಯದು, ಮೂತಿ ಯಾವಾಗಲೂ ಗುರಿಯ ಹಿಂದಿನ ಮಣ್ಣಿನ ದಿಬ್ಬದ ದಿಕ್ಕಿಗೆ. ಕೈ ಬಿಡಿ, ನಿಲ್ಲುತ್ತದೆಯೇ? ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿವುಟಿದಂತೆ ಟ್ರಿಗರ್ ಎಳೆಯಿರಿ; ಸ್ಕೋಪಿನ ಗೆರೆ ಎಷ್ಟು ಮಿಲ್ (ಕೋನದ ಅಳತೆ) ಹಾರಿತು ಬರೆದುಕೊಳ್ಳಿ. ಕೆನ್ನೆ ಎತ್ತದೆ ಬೋಲ್ಟ್ ತೆರೆದು ಮುಚ್ಚಿ. ಗೆರೆ ಎಷ್ಟು ಜರುಗಿತು ಬರೆದುಕೊಳ್ಳಿ. ಎರಡನ್ನೂ ಹತ್ತು ಸಲ. ಬೋಲ್ಟ್ ಪರೀಕ್ಷೆಯಲ್ಲೇ ಭಾರದ ಚಾಸಿಸ್ ತನ್ನ ಹಣ ದುಡಿದುಕೊಳ್ಳುವುದು. ಮುಂಗೈ ತಳ ಅಗಲವಾಗಿ ಚಪ್ಪಟೆಯಾಗಿದ್ದರೆ ಹಗುರದ ಚಾಸಿಸ್ ಕೂಡ ಇಲ್ಲಿ ಚೆನ್ನಾಗಿ ನಿಲ್ಲುತ್ತದೆ. ಉರುಟು ತಳದ ಮುಂಗೈ ಎಷ್ಟೇ ಭಾರವಿರಲಿ, ಉರುಳುತ್ತದೆ.

ಮುಂದಿನದು ಜಾಗ ಬದಲಿಸುವುದು. ಏಣಿಯ ಮೂರು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ ಒಂದು ಖಾಲಿ ಟ್ರಿಗರ್, ಒಟ್ಟು ಸಮಯ ಗಡಿಯಾರದಲ್ಲಿ. ಬೋಲ್ಟ್ ತೆರೆದೇ ಜಾಗ ಬದಲಿಸಬೇಕು. ಒಂದು ಚಾಸಿಸ್‌ನಲ್ಲಿ ಐದು ಸಲ, ಬಿಡುವು, ಇನ್ನೊಂದರಲ್ಲಿ ಐದು ಸಲ, ಮತ್ತೆ ಮೊದಲಿನದರಲ್ಲಿ ಐದು ಸಲ. ಕೊನೆಯ ಸುತ್ತು ಯಾಕೆಂದರೆ ಎರಡನೆಯದು ವೇಗವಾಗಿ ಕಂಡದ್ದು ಕೈ ಪಳಗಿದ್ದಕ್ಕೋ ಚಾಸಿಸ್‌ಗೋ ಅನ್ನುವುದು ಅದರಿಂದ ಬಯಲಾಗುತ್ತದೆ.

ತೂಕದ ಮಿತಿ ಇದ್ದಾಗ

ಮಲಗಿ ದೂರದ ಗುರಿಗೆ ಹೊಡೆಯುವ ಎಫ್-ಕ್ಲಾಸಿನಲ್ಲಿ ಓಪನ್ ವಿಭಾಗಕ್ಕೆ 10 ಕೆಜಿ, ಟಿಆರ್ ವಿಭಾಗಕ್ಕೆ ಬೈಪಾಡ್ ಸೇರಿ 8.25 ಕೆಜಿ. ಎನ್‌ಆರ್‌ಎಲ್ ಹಂಟರ್ ಅನ್ನುವ ಬೇಟೆ ಮಾದರಿಯ ಪಂದ್ಯದ ಓಪನ್ ಲೈಟ್‌ನಲ್ಲಿ 12 ಪೌಂಡ್, ಅಂದರೆ 5.44 ಕೆಜಿ, ಓಪನ್ ಹೆವಿಯಲ್ಲಿ 16 ಪೌಂಡ್, 7.26 ಕೆಜಿ. ಇಂಥ ಕಡೆ ಲೆಕ್ಕವನ್ನು ತಲೆಕೆಳಗು ಮಾಡಿ: ಮಿತಿಯಿಂದ ಒಂದೊಂದೇ ಕಳೆಯುತ್ತಾ ಬನ್ನಿ. 5.44ರಲ್ಲಿ ಆಕ್ಷನ್ 0.85, ತೆಳು ನಳಿಗೆ 1.40, ಸ್ಕೋಪ್ ಮತ್ತು ಮೌಂಟ್ 0.95, ಬ್ರೇಕ್ 0.10, ಬೈಪಾಡ್ 0.40, ಖಾಲಿ ಮ್ಯಾಗಜಿನ್ 0.20 ಹೋದರೆ ಚಾಸಿಸ್‌ಗೆ ಉಳಿಯುವುದು 1.54 ಕೆಜಿ. 1.3 ಕೆಜಿಯದು ಹಿಡಿಸುತ್ತದೆ, ಕಾಲು ಕೆಜಿ ಕೈಯಲ್ಲಿ ಉಳಿಯುತ್ತದೆ. 2.4ರದು ಬಾಗಿಲಲ್ಲೇ ನಿಲ್ಲುತ್ತದೆ. 737 ಗ್ರಾಮಿನದು ಹಾಕಿದರೆ 800 ಗ್ರಾಂ ಉಳಿತಾಯ. ಅದನ್ನು ಪೂರಾ ನಳಿಗೆಗೆ ಸುರಿದು 2.2 ಕೆಜಿಯ ನಳಿಗೆ ಹಾಕಿದರೆ ಬಿಸಿಯಾದಾಗ ಗುಂಡು ಚದುರುವುದು ಕಡಿಮೆಯಾಗುತ್ತದೆ ನಿಜ. ಆದರೆ ಮುಂದೆ ಅಷ್ಟು ಉಕ್ಕು, ಹಿಂದೆ ಇಷ್ಟು ಹಗುರದ ಬಟ್. ಕೇಂದ್ರ ಎಲ್ಲಿಗೆ ಓಡುತ್ತದೆ ಅಂತ ಮೇಲಿನ ಲೆಕ್ಕದಲ್ಲೇ ಹಾಕಿ ನೋಡಿ. ಉಳಿದ 800ರಲ್ಲಿ 500 ನಳಿಗೆಗೆ ಕೊಟ್ಟು 300 ಗ್ರಾಮನ್ನು ಬಟ್ಟಿಗೆಂದು ತೆಗೆದಿಡುವುದು ಜಾಣತನ. ಪಂದ್ಯದ ತಕ್ಕಡಿಗೂ ಮನೆಯ ತಕ್ಕಡಿಗೂ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಬರುವುದುಂಟು, ಬಟ್ಟಿನ ಬಿಲ್ಲೆಯಾದರೆ ಅಲ್ಲೇ ನಿಂತು ಒಂದು ಬಿಚ್ಚಿ ಇಳಿಸಬಹುದು.